ಇಬ್ರಿಯಿಂದ ಬರಬೇಕಾದ ಕಾರ್ಡು

ಒಮಾನಿನಲ್ಲಿ ಅಂಚೆಯವನು ಮನೆಗೆ ಬರುವುದಿಲ್ಲ. ಅಂಚೆ ಕಚೇರಿಯ ಗೋಡೆಯಲ್ಲಿ ನಂಬರು ಹಾಕಿದ ಸಣ್ಣ ಸಣ್ಣ ಖಾನೆಗಳಿರುತ್ತವೆ. ಒಂದನ್ನು ನಮ್ಮ ಹೆಸರಿಗೆ ಮಾಡಿಸಿಕೊಂಡರೆ ಆ ನಂಬರೇ ನಮ್ಮ ವಿಳಾಸ. ದಾರ್ಸೈಟ್‌ನ ನಮ್ಮ ಮನೆಗೆ ಬರಬೇಕಾದದ್ದೆಲ್ಲ ಪಕ್ಕದ ರುವಿಯಲ್ಲಿದ್ದ ಅಪ್ಪನ ಖಾನೆಗೆ ಬರುತ್ತಿತ್ತು.

ಅಪ್ಪ ಲಿಫ್ಟ್ ದುರಸ್ತಿಯ ಕಂಪನಿಯಲ್ಲಿ ಇಂಜಿನಿಯರು. ಅವರ ಜೊತೆ ಕೆಲಸ ಮಾಡಿ ನಿವೃತ್ತರಾದ ಸ್ಕಾಟ್ಲೆಂಡಿನ ಒಬ್ಬರು ತಮ್ಮ ನಾಡಿನ ಊರೂರು ತಿರುಗಿ ಹಳೆಯ ಕೆಂಪು ಅಂಚೆ ಡಬ್ಬಿಗಳ ಫೋಟೊ ತೆಗೆದು ಕಳಿಸುತ್ತಿದ್ದರು. ಕಲ್ಲುಗೋಡೆಯಲ್ಲಿ ಹುದುಗಿದ್ದು, ಚರ್ಚಿನ ಮುಂದೆ ನಿಂತದ್ದು, ಕಿರೀಟದ ಗುರುತಿದ್ದದ್ದು. ಅಪ್ಪ ಅವನ್ನು ನೋಡಿ, "ನಾವೂ ಹೊಂಡೂಣ ಏಳು ಮಗಳ. ಇಲ್ಲೇನು ಡಬ್ಬಿ ಇಲ್ಲೇನು?" ಅಂದರು. ನಮ್ಮದು ಬಾಗಲಕೋಟೆ ಕಡೆ. ಮಸ್ಕತ್ತಿಗೆ ಬಂದರೂ ಮನೆಯಲ್ಲಿ ಅದೇ ಮಾತು.

ನಿಯಮಗಳನ್ನು ಮಾಡಿದವಳು ನಾನು. ಶುಕ್ರವಾರಕ್ಕೊಂದು ಊರು. ಡಬ್ಬಿಯ ಎದುರಿನಿಂದ ಒಂದು ಫೋಟೊ. ಅದರ ಹತ್ತಿರದ ಗುರುತಿನದು ಇನ್ನೊಂದು: ಕೋಟೆಯೋ, ಕಾವಲು ಗೋಪುರವೋ, ದೊಡ್ಡ ಕಾಫಿ ಹೂಜಿ ಕೂರಿಸಿದ ವೃತ್ತವೋ. ಆಮೇಲೆ, ಡಬ್ಬಿಗೆ ಇನ್ನೂ ಜೀವ ಇದೆಯೇ ಎಂದು ನೋಡಲು ನಮ್ಮದೇ ನಂಬರಿಗೆ ಒಂದು ಕಾರ್ಡು ಹಾಕಬೇಕು. ಬರೆಯುವುದು ಅಪ್ಪ, ಎಷ್ಟು ದಿನಕ್ಕೆ ಬಂತೆಂದು ಪುಸ್ತಕದಲ್ಲಿ ಗುರುತಿಸುವುದು ನಾನು. ಕಳಿಸಿದವರ ವಿಳಾಸದ ಜಾಗದಲ್ಲೂ ಅದೇ ನಂಬರು. ನಮಗೆ ಬೇರೆ ವಿಳಾಸ ಇರಲಿಲ್ಲವಲ್ಲ.

ಅಪ್ಪನ ಕಾರ್ಡುಗಳು ಒಂದೊಂದು ಸಾಲಿನವು. "ಕೋಟೆ ನೋಡಿದಿವಿ. ಬಿಸಿಲು ಭಾಳ." "ಇಲ್ಲಿ ಚಹಾ ಛಲೋ ಇಲ್ಲ." ಇಪ್ಪತ್ತೆರಡು ಕಾರ್ಡು ಹಾಕಿದೆವು, ಇಪ್ಪತ್ತೆರಡೂ ಬಂದವು. ಬೇಗ ಬಂದದ್ದು ನಾಲ್ಕು ದಿನಕ್ಕೆ, ತಡವಾದದ್ದು ಇಪ್ಪತ್ತಾರು ದಿನಕ್ಕೆ.

ಇಪ್ಪತ್ತಮೂರನೆಯದು ಇಬ್ರಿಯದು. ಜನವರಿ ತಿಂಗಳು. ಕೋಟೆಯ ಬುಡದ ಮಾರುಕಟ್ಟೆಯ ಹತ್ತಿರ ಕಾರು ನಿಲ್ಲಿಸಿ, ಬಾನೆಟ್ಟಿನ ಮೇಲೆ ಕಾರ್ಡಿಟ್ಟುಕೊಂಡು ಅಪ್ಪ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದರು. ನನಗೆ ಕಾಣದಂತೆ ಎಡಗೈ ಅಡ್ಡ ಇತ್ತು.

"ಅಪ್ಪಾ, ಈ ಸಲ ಭಾಳ ಬರ್ಯಾಕತ್ತೀಯಲ್ಲ?"

"ದಿನ ಎಣಿಸೋದು ಅಷ್ಟ ನಿನ್ನ ಡ್ಯೂಟಿ."

"ಏನದು ಹೇಳಪಾ."

"ಇಲ್ಲೇ ಹೇಳಿದ್ರ ಅಂಚಿ ಡಬ್ಬಿ ಯಾಕ ಬೇಕು? ಯಲ್ಲಾ, ನಡಿ ನಡಿ, ಫೋಟೊ ತಗಿ. ಸಂಜೀ ಚಹಾಕ್ಕ ನಿಮ್ಮಮ್ಮ ಕಾಯ್ತಾಳ."

ಅದಾಗಿ ಒಂಬತ್ತನೆಯ ದಿನ, ಭಾನುವಾರ, ಕಚೇರಿಯ ಮೆಟ್ಟಿಲ ಮೇಲೆ ಅಪ್ಪ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಹೃದಯ ನಿಂತಿತ್ತು.

ಅವರನ್ನು ಬಾಗಲಕೋಟೆಗೆ ಒಯ್ದೆವು. ಅಮ್ಮ ಅಲ್ಲೇ ತನ್ನ ತಂಗಿಯ ಮನೆಯಲ್ಲಿ ಉಳಿದಳು. ಅಲ್ ಖುವೈರ್‌ನ ಒಂದು ಕಚೇರಿಯಲ್ಲಿ ನನಗೆ ಕೆಲಸವಿದ್ದುದರಿಂದ ನಾನೊಬ್ಬಳೇ ವಾಪಸು ಬಂದೆ. ಅಪ್ಪನ ಹೆಸರಿನಲ್ಲಿದ್ದ ಒಂದೊಂದನ್ನೂ ಮುಗಿಸಬೇಕಿತ್ತು. ಹಾಳೆಯ ಮೇಲೆ ಹದಿನಾಲ್ಕು ಕೆಲಸಗಳ ಪಟ್ಟಿ ಮಾಡಿಕೊಂಡೆ. ಫೋನು, ಕಾರು, ಕರೆಂಟು. ಒಂಬತ್ತನೆಯದು ಅಂಚೆ ಖಾನೆ. ಇಬ್ರಿಗೆ ಹೋಗಿಬಂದ ಇಪ್ಪತ್ತನಾಲ್ಕನೆಯ ದಿನ ಖಾನೆ ತೆರೆದು ನೋಡಿ, ಬ್ಯಾಂಕಿನ ಒಂದು ಕಾಗದ ತೆಗೆದುಕೊಂಡು, ಕೀಲಿ ಕೊಟ್ಟು ಸಹಿ ಮಾಡಿದೆ. ಪಟ್ಟಿಯಲ್ಲಿ ಟಿಕ್ ಹಾಕಿದಾಗ ಒಂದು ಕೆಲಸ ಕಡಿಮೆಯಾಯಿತೆಂದು ಸಮಾಧಾನವೂ ಆಯಿತು.

ಡಬ್ಬಿಗಳ ಪುಸ್ತಕವನ್ನು ಮತ್ತೆ ತೆರೆದದ್ದು ಮೂರು ವಾರದ ಮೇಲೆ. ಇಪ್ಪತ್ತಮೂರನೆಯ ಸಾಲಿನ ಕೊನೆ ಖಾಲಿ ಇತ್ತು.

ಮರುದಿನ ಬೆಳಿಗ್ಗೆಯೇ ರುವಿಗೆ ಓಡಿದೆ. ಕೌಂಟರಿನಲ್ಲಿದ್ದ ಒಮಾನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

"ಆ ನಂಬರು ಖಲಾಸ್, ಸಿಸ್ಟರ್. ಬೇರೆಯವರಿಗೆ ಕೊಟ್ಟಾಯಿತು. ಯಾರೆಂದು ಹೇಳುವ ಹಾಗಿಲ್ಲ."

"ಹಳಬರ ಕಾಗದ ಬಂದರೆ?"

"ಕಳಿಸಿದವರಿಗೆ ವಾಪಸು. ಯಾರು ಕಳಿಸಿದ್ದು?"

"ನಮ್ಮಪ್ಪ."

"ಅವರ ವಿಳಾಸ?"

ನಾನು ಅದೇ ನಂಬರು ಹೇಳಿದೆ. ಕೌಂಟರಿನವರು ನಕ್ಕುಬಿಟ್ಟರು. "ತಮಗೆ ತಾವೇ ಕಳಿಸಿಕೊಂಡರಾ? ಹಾಗಾದರೆ ಏನು ಬರೆದಿದ್ದರು ಅಂತ ಅವರನ್ನೇ ಕೇಳಿ."

"ಅವರು ತೀರಿಕೊಂಡಿದ್ದಾರೆ" ಅಂದೆ. ಅವರ ನಗು ನಿಂತಿತು. ಒಳಗೆ ಹೋಗಿ, ವಾಪಸಾದ ಕಾಗದಗಳ ಟ್ರೇಯನ್ನು ಪೂರ್ತಿ ಹುಡುಕಿ ಬಂದರು. ಇರಲಿಲ್ಲ.

ಇಬ್ರಿಯ ಫೋಟೊ ನನ್ನ ಹತ್ತಿರ ಇದೆ. ಕಾರ್ಡು ಅರ್ಧ ಒಳಗೆ ಹೋಗಿದೆ, ಅಪ್ಪನ ಹೆಬ್ಬೆರಳು ಕಾಣುತ್ತದೆ. ವಿಳಾಸದ ಬದಿ ಕ್ಯಾಮೆರಾಕ್ಕೆ ಇರಬೇಕೆಂಬುದೂ ನನ್ನದೇ ನಿಯಮ. ಎಷ್ಟು ದೊಡ್ಡದು ಮಾಡಿದರೂ ನಮ್ಮ ನಂಬರೇ ಕಾಣುತ್ತದೆ.

ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ.

"ನನಗ ಬರ್ದಿದ್ರೋ, ನಿನಗೋ?"

"ಗೊತ್ತಿಲ್ಲಮ್ಮ."

"ಇರ್ಲಿ ಬಿಡು, ನೀ ಬೇಕಂತ ಮಾಡಿಲ್ಲ" ಅಂದಳು. ಈಗ ಪ್ರತಿ ಸಲವೂ ಮೊದಲು ಕೇಳುವುದು "ಬಂತೇನ?" ಎಂದೇ.

ಕಳೆದ ಗುರುವಾರ ನಮ್ಮ ಹಳೆಯ ನಂಬರಿಗೆ ನಾನೇ ಒಂದು ಕಾರ್ಡು ಬರೆದೆ. ಕಳಿಸಿದವರ ಜಾಗದಲ್ಲಿ ನನ್ನ ಕಚೇರಿಯ ನಂಬರು ಹಾಕಿದೆ. ಈ ಲಿಪಿಯ ಕಾರ್ಡು ನಿಮಗೆ ಬಂದಿದ್ದರೆ ದಯವಿಟ್ಟು ಕಳಿಸಿಕೊಡಿ ಎಂದು ಇಂಗ್ಲಿಷಿನಲ್ಲಿ ಬರೆದು, ಅರಬ್ಬಿಯಲ್ಲೂ ಬರೆಸಿದೆ. ಲಿಪಿ ಗುರುತು ಸಿಗಲು ಕನ್ನಡದ ಒಂದು ಪದ ಬೇಕಿತ್ತು. ಅಡಿಯಲ್ಲಿ "ಅಪ್ಪ" ಎಂದು ಬರೆದೆ.

ಪುಸ್ತಕದಲ್ಲಿ ಅದು ಇಪ್ಪತ್ತನಾಲ್ಕನೆಯದು. ಈಗ ಎರಡು ಸಾಲುಗಳ ಕೊನೆ ಖಾಲಿ ಇದೆ.