ಪ್ಯಾನೆಲ್ಲಿಗೆ ಕಟ್ಟಿದ ಹಾರ

ನನ್ನ ಬಾಯಿ ಮೊದಲಿಂದಲೂ ಕೆಟ್ಟದ್ದು. ಬೆಳಗಾವಿಯ ಹಿಂದವಾಡಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಖಾನಾಪುರದ ಒಂದು ಅಂಗಡಿಯ ಮುಂದೆ ಆಡಿದ ಮಾತು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ನಿವೃತ್ತನಾದ ಮೇಲೆ ಹಳೆಯ ಟೆಂಪೊ ಕೊಂಡು, ಒಳಗೆ ಹಾಸಿಗೆ, ಒಲೆ ಕೂಡಿಸಿ, ಊರೂರು ತಿರುಗುವ ವ್ಯಾನ್ ಮಾಡಿಸಿದೆ. ಹೆಂಡತಿಗೆ ಸಕ್ಕರೆ ಕಾಯಿಲೆ. ಅವಳ ಇನ್ಸುಲಿನ್ ತಂಪಾಗಿರಲು ಪುಟ್ಟ ಫ್ರಿಜ್ ಬೇಕು, ಫ್ರಿಜ್ಜಿಗೆ ಸೋಲಾರ್ ಬೇಕು. ಖಾನಾಪುರದಲ್ಲಿ ಗಾಡಿಗಳ ವೈರಿಂಗ್ ಮಾಡುವವನೊಬ್ಬ ಆಗಷ್ಟೇ ಸೋಲಾರ್ ಕೆಲಸ ಹಿಡಿದು, ಅಂಗಡಿಗೆ ಹೊಸ ಬೋರ್ಡು ಬರೆಸಿದ್ದ. ಮನೆಮಾತು ಮರಾಠಿ, ನನ್ನ ಜೊತೆ ಕನ್ನಡ. ಬೇಕಾದಲ್ಲಿ ಬಿಸಿಲಿಗೆ ಒರಗಿಸುವಂಥ ಎರಡು ಪ್ಯಾನೆಲ್ ಕೊಡಿಸಿ, ಅವಕ್ಕೂ ಬ್ಯಾಟರಿಗೂ ನಡುವೆ ಕಂಟ್ರೋಲರ್ ಕೂಡಿಸಿ, "ಕಾಕಾ, ಮೊದಲ ಬ್ಯಾಟರಿ ವಾಯರ್ ಹಚ್ಚೂದು, ಆಮ್ಯಾಲೆ ಪ್ಯಾನೆಲ್. ತಗಿಯೂ ಮುಂದ ಉಲ್ಟಾ," ಎಂದು ನನ್ನ ಕೈಯಿಂದಲೇ ಮೂರು ಸಲ ಮಾಡಿಸಿದ. ಮೀಟರಿನಲ್ಲಿ ಹತ್ತು ಆಂಪಿಯರ್ ಕಂಡಾಗ ನನಗಿಂತ ಅವನಿಗೇ ಹೆಚ್ಚು ಖುಷಿ.

ಮುಂದಿನ ವಾರ ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಗಾಡಿ, ನಟ್ಟು ಬಿಗಿಯುವ ಪಾನಾ, ಇಳಿಗೆಮಣೆಗೆಲ್ಲ ಪೂಜೆ ಆದ ಮೇಲೆ ಪ್ಯಾನೆಲ್ ಬಿಟ್ಟರೆ ಹೇಗೆ? ನಾನೇ ವಿಭೂತಿ ಹಚ್ಚಿ, ಚೆಂಡುಹೂವಿನ ದಪ್ಪ ಹಾರವನ್ನು ಒಂದೊಂದರ ನಡುವೆ ಅಡ್ಡ ಕಟ್ಟಿದೆ. ನಮ್ಮ ಮನೆಯಲ್ಲಿ ಪೂಜೆಯ ಹಾರವನ್ನು ಕೈಯಿಂದ ತೆಗೆಯುವುದಿಲ್ಲ. ಒಣಗಿ ತಾನೇ ಉದುರಬೇಕು.

ಮರುದಿನ ಖಾನಾಪುರ ದಾಟಿ ಹೊಳೆಯ ದಂಡೆಗೆ ಗಾಡಿ ನಿಲ್ಲಿಸಿದೆವು. ಹೆಂಡತಿ ನೀರಿನಲ್ಲಿ ಕಾಲು ಇಳಿಬಿಟ್ಟು ಸಣ್ಣ ಹುಡುಗಿಯ ಹಾಗೆ ಕೂತಿದ್ದಳು. ಎರಡನೆಯ ದಿನಕ್ಕೆ ಫ್ರಿಜ್ ನಿಂತಿತು. ನೆತ್ತಿ ಸುಡುವ ಬಿಸಿಲಿದ್ದರೂ ಮೀಟರಿನಲ್ಲಿ ಒಂದು ಆಂಪಿಯರ್ ಕೂಡ ಇಲ್ಲ. ಇನ್ಸುಲಿನ್ ಬಾಟಲಿ ಕೈಗೆ ಬೆಚ್ಚಗೆ ಹತ್ತಿದ್ದೇ ತಡ, ನನ್ನ ತಲೆ ಕೆಟ್ಟಿತು.

ಗಾಡಿಯನ್ನು ನೇರ ಅವನ ಅಂಗಡಿಗೇ ಒಯ್ದೆ. ಅಂದು ಸಂತೆ, ಏಳೆಂಟು ಗಿರಾಕಿಗಳು ನಿಂತಿದ್ದರು.

"ಏನ್ ಕೆಲಸ ಮಾಡೀಯೋ? ನನ್ನ ಹೇಣ್ತಿ ಜೀವದ ಜೋಡಿ ಆಟ ಆಡ್ತಿ? ಇವನ ಕಡೆ ಯಾರೂ ಸೋಲಾರ್ ಮಾಡಿಸಬ್ಯಾಡ್ರೆಪಾ!"

ಅವನು ಎದ್ದು ಬಂದು ಪ್ಯಾನೆಲ್ ನೋಡಿದ. "ಕಾಕಾ, ಈ ಹಾರ ಒಂದೀಟ..."

"ನಿನ್ನ ತಪ್ಪು ದೇವರ ಮ್ಯಾಲೆ ಹಾಕಬ್ಯಾಡ!"

ಅವನ ಮುಖ ಸಣ್ಣದಾಯಿತು. ಹೆಂಡತಿ ನನ್ನ ರಟ್ಟೆ ಹಿಡಿದು, "ಸಾಕ್ ಬರ್ರಿ, ಮಂದಿ ನೋಡಾಕತ್ತಾರ," ಎಂದು ಎಳೆದೊಯ್ದಳು.

ಹದಿನೈದು ದಿನದ ನಂತರ ಬೆಳಗಾವಿಯ ಬೇರೊಬ್ಬ ಮೆಕ್ಯಾನಿಕ್‌ಗೆ ತೋರಿಸೋಣವೆಂದು ಅಂಗಳದಲ್ಲಿ ಪ್ಯಾನೆಲ್ ಎತ್ತಿ ನಿಲ್ಲಿಸಿದೆ. ಒಣಗಿದ ಹಾರಗಳ ದಾರ ತಾನೇ ಹರಿದು ಎರಡೂ ಕೆಳಗೆ ಬಿದ್ದವು. ವೈರು ಹಚ್ಚಿದೆ. ಮೀಟರಿನಲ್ಲಿ ಒಂಬತ್ತೂವರೆ! ಬಂದ ಮೆಕ್ಯಾನಿಕ್ ನಕ್ಕು ಹೇಳಿದ: ಒಳಗಿನ ಚೌಕಗಳನ್ನು ಒಂದರ ಹಿಂದೆ ಒಂದು ಪೋಣಿಸಿರುತ್ತಾರೆ, ಒಂದು ಸಾಲಿಗೆ ನೆರಳು ಬಿದ್ದರೆ ಉಳಿದವೂ ಸೊರಗುತ್ತವೆ. ನನಗೆ ನಗು ಬರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾರನೆಯ ದಿನವೇ ಖಾನಾಪುರಕ್ಕೆ ಹೋದೆ. ಬೋರ್ಡಿನ ಮೇಲಿದ್ದ 'ಸೋಲಾರ್' ಅನ್ನುವುದಕ್ಕೆ ಬಿಳಿ ಬಣ್ಣ ಬಳಿದಿತ್ತು.

"ಬರ್ರಿ ಕಾಕಾ, ಕುಂದರ್ರಿ," ಎಂದು ಚಹಾ ತರಿಸಿದ. ಕುಡಿಯಲಾಗಲಿಲ್ಲ. ಎಲ್ಲ ಹೇಳಿ, "ತಪ್ಪು ನಂದಪ್ಪಾ," ಎಂದು ಕೈ ಮುಗಿದೆ. ಅವನು ಗಡಬಡಿಸಿ ನನ್ನ ಕೈ ಹಿಡಿದುಕೊಂಡ.

"ಹಂಗೆಲ್ಲ ಮಾಡಬ್ಯಾಡ್ರಿ, ದೊಡ್ಡವರು ನೀವು. ಹಾರದ್ದ ಅಂತ ನನಗ ಅವತ್ತ ಗೊತ್ತಿತ್ರಿ. ಖರೇ, ನನಗ ಹೇಳಿ ಏನ್ ಮಾಡ್ತೀರಿ ಕಾಕಾ? ಅವತ್ತ ಇಲ್ಲಿ ನಿಂತಿದ್ರಲ್ಲ, ಅವರಿಗೆ ಹೇಳ್ರಿ."

ಅವರು ಯಾರೋ, ಯಾವ ಊರಿನಿಂದ ಸಂತೆಗೆ ಬಂದವರೋ. ನೆನಪು ಮಾಡಿಕೊಂಡು ನೋಡಿದೆ, ಒಬ್ಬರ ಮುಖವೂ ನನಗೆ ಗೊತ್ತಿರಲಿಲ್ಲ.