ದೊಡ್ಡಮ್ಮನ ಬಾಯಲ್ಲೇ ಉಳಿದ ಎರಡು ಸಾಲು

ಕಳೆದ ವಾರ ಬಿಳಿಕೆರೆಯಲ್ಲಿ ಅಕ್ಕನ ಅತ್ತೆಯ ತಿಥಿ. ಊಟವಾಗಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ನಮ್ಮ ದೊಡ್ಡಮ್ಮ, ಹಾರ ಹಾಕಿದ್ದ ಫೋಟೊ ನೋಡುತ್ತಾ ಕಣ್ಣೊರೆಸಿಕೊಂಡಳು. ಬೀಗತಿಗಾಗಿ ಇಷ್ಟೊಂದು ಅಳುವುದೇ ಎಂದು ಕೇಳಿದೆ.

"ನನ್ ಉತ್ತರ ಕೇಳ್ದೆ ಒಂಟೋದ್ಲು ಕಣ್ಮಗ" ಎಂದಳು.

ಯಾವ ಉತ್ತರ? ನನಗೆ ಹೊಳೆಯಲು ಎರಡು ದಿನ ಹಿಡಿಯಿತು.

ಹದಿಮೂರು ವರ್ಷದ ಹಿಂದೆ ನಾನು ಹುಣಸೂರಿನ ಬ್ರೇಕ್ ಡ್ಯಾನ್ಸರ್. (ನಗಬೇಡಿ, ಆಗ ಹೊಟ್ಟೆ ಇರಲಿಲ್ಲ.) ಅಮೆರಿಕದ ಬೀದಿ ಹುಡುಗರ ಕುಣಿತ ವಿಡಿಯೊ ಕ್ಯಾಸೆಟ್ಟಿನಲ್ಲಿ ನಮ್ಮವರೆಗೂ ಬಂದಿತ್ತು. ನಾನು, ಗೆಳೆಯ ಮಂಜ, ಇನ್ನಿಬ್ಬರು ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಬಿಚ್ಚಿ ನೆಲಕ್ಕೆ ಹಾಸಿ, ಬೆನ್ನ ಮೇಲೆ ಬುಗುರಿಯ ಹಾಗೆ ತಿರುಗುತ್ತಿದ್ದೆವು. ಹಾಡಿನವನು ಏನು ಹೇಳುತ್ತಿದ್ದಾನೆ ಅನ್ನುವುದು ಯಾರಿಗೆ ಬೇಕಿತ್ತು?

ಅದೇ ವರ್ಷ ಕಟ್ಟೆಮಳಲವಾಡಿಯಲ್ಲಿ ಅಕ್ಕನ ಮದುವೆ. ಊಟದ ನಂತರ ಚಪ್ಪರದಲ್ಲಿ ಎರಡೂ ಕಡೆಯ ಹೆಂಗಸರು ಪದ ಕಟ್ಟಿ ಒಬ್ಬರನ್ನೊಬ್ಬರು ಛೇಡಿಸತೊಡಗಿದರು. ಅಕ್ಕನ ಅತ್ತೆ ಎದ್ದು ನಿಂತು, ದೊಡ್ಡಮ್ಮನ ಕಡೆ ಕೈ ತೋರಿಸಿ ಹಾಡಿದರು:

ಹೆಣ್ಣಿನ ದೊಡ್ಡವ್ವ ಎಣ್ಣೆ ಕಾಣದ ತಲೆಯೋಳು
ಬಣ್ಣದ ಸೀರೆ ಕಡ ತಂದು ಉಟ್ಟೋಳು

ಚಪ್ಪರ ಗೊಳ್ಳೆಂದಿತು. ಸೀರೆ ನಿಜಕ್ಕೂ ಕಡ ತಂದದ್ದೇ! ದೊಡ್ಡಮ್ಮ ಸೆರಗು ಸಿಕ್ಕಿಸಿ ಎದ್ದಳು. ನನಗೋ ಮೈಯೆಲ್ಲ ಉರಿಯಿತು. ಹೋಗಿ ಟೇಪ್ ರೆಕಾರ್ಡರನ್ನು ಫುಲ್ ವಾಲ್ಯೂಮಿಗೆ ಇಟ್ಟೆ. ನಾವು ನಾಲ್ವರೂ ಚಪ್ಪರದ ನಡುವೆ ನುಗ್ಗಿ ಕುಣಿದೆವು. ಶಿಳ್ಳೆಯೋ ಶಿಳ್ಳೆ. ದೊಡ್ಡಮ್ಮ ಸ್ವಲ್ಪ ಹೊತ್ತು ನಿಂತಿದ್ದು, ಕೂತುಬಿಟ್ಟಳು. ಅವಳ ಮರ್ಯಾದೆ ಉಳಿಸಿದೆ ಎಂದು ಹೆಮ್ಮೆಪಟ್ಟವನು ನಾನು.

ಮಂಜನಿಗೆ ಈಗ ಹುಣಸೂರಲ್ಲಿ ಸಿ.ಡಿ. ಅಂಗಡಿ. ತಿಥಿಯಾದ ಎರಡನೇ ದಿನ ಅಲ್ಲಿ ಕೂತಿದ್ದೆ. ಟಿ.ವಿ.ಯಲ್ಲಿ ಅದೇ ಅಮೆರಿಕದ ಬೀದಿಯ ಇಬ್ಬರು ಹುಡುಗರು ಎದುರುಬದುರು ನಿಂತು, ಪ್ರಾಸ ಕಟ್ಟಿ ಬೈದಾಡುತ್ತಿದ್ದರು. ಸುತ್ತ ಜನ ಹೋ ಎನ್ನುತ್ತಿದ್ದರು. ಜಗಳವೇನೋ ಎಂದೆ.

"ಜಗಳ ಅಲ್ಲ ಕಣ್ಲಾ, ಆಟ. ಒಬ್ಬ ಅಂದ್ರೆ ಇನ್ನೊಬ್ಬ ನಿಂತ ನಿಲುವಲ್ಲೇ ತಿರುಗ್ಸಿ ಅನ್ಬೇಕು. ಕುಣಿತ, ಮಾತು ಎರಡೂ ಆ ಹುಡುಗ್ರದೇಯ. ನಮ್ ಕಾಲಕ್ಕೆ ಬರೀ ಕುಣಿತ ಬಂತು. ಮಾತು ಈಗ ಬಂದದೆ" ಎಂದ ಮಂಜ.

ಈಗ ಬಂತೇ? ನಮ್ಮ ಚಪ್ಪರದಲ್ಲೇ ಇತ್ತಲ್ಲ! ಆ ಆಟದ ಕುಣಿತವನ್ನು ತಂದು, ಅದೇ ಆಟದ ಮಾತು ತಿರುಗಿಸಲು ಎದ್ದಿದ್ದ ದೊಡ್ಡಮ್ಮನ ಬಾಯಿ ಮುಚ್ಚಿಸಿದ್ದೆ. ಮೈಯಲ್ಲಿದ್ದ ಸೊಕ್ಕು ನೆನೆದು ನಾಚಿಕೆಯಾಯಿತು.

ಸಂಜೆಯೇ ಹೋಗಿ ದೊಡ್ಡಮ್ಮನ ಮುಂದೆ ತಪ್ಪೊಪ್ಪಿಕೊಂಡೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಗತಿ ಸಿಕ್ಕಾಗಲೆಲ್ಲ ಯಾವಾಗ ಉತ್ತರ ಕೊಡುತ್ತೀಯೆ ಎಂದು ಕೆಣಕುತ್ತಿದ್ದರಂತೆ. ಮುಂದಿನ ಮದುವೆಯಲ್ಲಿ ಎಂದು ಇವಳು ಹೇಳುತ್ತಿದ್ದಳಂತೆ. ಆದರೆ ಆಮೇಲಿನ ಮದುವೆಗಳಲ್ಲೆಲ್ಲ ಆರ್ಕೆಸ್ಟ್ರಾ, ಆಳೆತ್ತರದ ಸ್ಪೀಕರು. ಹೆಂಗಸರ ದನಿ ಎಲ್ಲಿ ಕೇಳಬೇಕು?

ಅಂದು ತಿರುಗಿಸಿ ಹಾಡಬೇಕೆಂದಿದ್ದ ಆ ಎರಡು ಸಾಲನ್ನು ನನಗಾದರೂ ಹೇಳು ಎಂದು ಅಂಗಲಾಚಿದೆ. ತುಟಿ ಅಲುಗಿತು. ಆಮೇಲೆ ಬೇಡವೆಂದು ತಲೆಯಾಡಿಸಿದಳು.

"ಬೀಗತಿ ಎದುರ್ಗೆ ಕೂತು ನಗ್ಬೇಕು ಕಣ್ಮಗ. ಸತ್ತೋರ್ ಮೇಲೆ ಅಂದ್ರೆ ಅದು ಬರೀ ಬೈಗುಳ."

ಹೇಳಿ, ಆ ಎರಡು ಸಾಲು ಕೇಳಿಸಬೇಕೆಂದರೆ ಈಗ ಯಾವ ಟೇಪ್ ರೆಕಾರ್ಡರಿನ ವಾಲ್ಯೂಮ್ ಕಡಿಮೆ ಮಾಡಲಿ?