ನೀಲಿ ತಾಡಪತ್ರಿ

ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಲ್ಲಿ, ನಾನು ಪಾಠ ಹೇಳುತ್ತಿದ್ದ ಶಾಲೆಗಿಂತ ತುಸು ಮೇಲೆ, ಗಣಿಯೊಂದರ ಗೇಟು ಕಾಯುತ್ತಿದ್ದ ಹಿರಿಯರೊಬ್ಬರನ್ನು ನಾನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇನೆ. ಅದಿರು ತುಂಬಿದ ಲಾರಿ ಬಂದು ನಿಂತರೆ ಅವರು ಚಾಲಕನ ಮುಖವನ್ನೂ ನೋಡದೆ ಹಿಂದಕ್ಕೆ ನಡೆದು, ಹೊದಿಸಿದ ನೀಲಿ ತಾಡಪತ್ರಿಯ ಹಗ್ಗವನ್ನು ಎರಡು ಬೆರಳುಗಳಿಂದ ಮೀಟುತ್ತಿದ್ದರು. ಹಗ್ಗ ಸಡಿಲವಿದ್ದರೆ ಒಂದೇ ಮಾತು: “ಬಿಗಿ ಮಾಡ್ರಿ, ಕೆಳಗ ಸಾಲಿ ಐತಿ.”

ಅದಿರು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದ ಭರಾಟೆಯ ದಿನಗಳವು. ಧೂಳು ಅಡಗುವಂತೆ ರಸ್ತೆಗೆ ನೀರು ಹೊಡೆಸಿರೆಂದು ಕೇಳಲು ನಾನು ಅಲ್ಲಿಗೆ ಹೋದ ಬೆಳಿಗ್ಗೆ, ತಾಡಪತ್ರಿ ಹೊದಿಸದ ಲಾರಿಗಳು ಗೇಟಿನೊಳಗೆ ಸಾಲುಗಟ್ಟಿದ್ದವು. ಹಡಗಿಗೆ ತಡವಾಗುತ್ತದೆಂದು ಮ್ಯಾನೇಜರು ಸಿಡಿಮಿಡಿಗೊಂಡಿದ್ದರು.

“ಇವತ್ತೊಂದಿನ ಹಂಗ ಬಿಡು. ನಿನಗ ಕೆಲಸ ಬೇಕೋ ಬ್ಯಾಡೋ?”

“ಬೇಕ್ರಿ ಸಾಹೇಬ್ರ. ಅದಕ್ಕ ಮಾಡಾಕತ್ತೀನಿ,” ಎಂದು ಆ ಹಿರಿಯರು ಗೇಟಿನ ಕೀಲಿಯನ್ನು ಮುಂದಕ್ಕೆ ಚಾಚಿದರು. “ಹಂಗ ಬಿಡೂದಾದ್ರ ನೀವ ತೆಗೀರಿ. ಸಾಲಿ ಮಾಸ್ತರು ಇಲ್ಲೇ ನಿಂತಾರ.”

ಮ್ಯಾನೇಜರು ನನ್ನನ್ನು ನೋಡಿದರು, ಕೀಲಿಯನ್ನು ಮುಟ್ಟಲಿಲ್ಲ. ಮೊದಲ ಲಾರಿಯ ಚಾಲಕ ತಾಡಪತ್ರಿ ಹೊತ್ತು ಮೇಲೆ ಹತ್ತುತ್ತ, “ಈ ಯಜಮಾನ್ರು ನಮ್ಮ ಮಾವ ಆಗಿದ್ರ ನಾನು ಮದುವೀನ ಆಗ್ತಿರ್ಲಿಲ್ಲ,” ಎಂದ. ನಗುತ್ತಲೇ ಉಳಿದವರೂ ಹಗ್ಗ ಹಿಡಿದರು.

ಆ ರಸ್ತೆಯ ಕೆಂಧೂಳೆಲ್ಲ ಅವರೊಬ್ಬರಿಂದ ಅಡಗಲಿಲ್ಲ. ಬೇರೆ ಗಣಿಗಳ ಲಾರಿ ಕಂಡೊಡನೆ ನನ್ನ ತರಗತಿಯ ಮಕ್ಕಳು ಕಿಟಕಿ ಮುಚ್ಚಲು ಓಡುತ್ತಿದ್ದರು. ನೀಲಿ ತಾಡಪತ್ರಿ ಹೊದ್ದ ಲಾರಿ ಹಾದುಹೋಗುವಾಗ ಮಾತ್ರ ಒಬ್ಬರೂ ಕುಳಿತಲ್ಲಿಂದ ಏಳುತ್ತಿರಲಿಲ್ಲ.